ಮಕ್ಕಳ ಟ್ರಯಥ್ಲಾನ್: ಈಜಿನ ಭಾಗಕ್ಕೆ ಬೆಂಗಳೂರಿನ ಪೋಷಕರು ಮಾಡಿಸಬೇಕಾದ ಸಿದ್ಧತೆ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ನಡುವೆ ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕಾದ ಟ್ರಯಥ್ಲಾನ್, 2000ದ ಸಿಡ್ನಿ ಕ್ರೀಡಾಕೂಟದಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು. ಒಲಿಂಪಿಕ್ ದೂರವೆಂದರೆ 1,500 ಮೀಟರ್ ಈಜು, 40 ಕಿಲೋಮೀಟರ್ ಸೈಕಲ್ ಮತ್ತು 10 ಕಿಲೋಮೀಟರ್ ಓಟ. ಅದರ ಅರ್ಧ ದೂರದ್ದು ಸ್ಪ್ರಿಂಟ್. ಮಕ್ಕಳ ಸ್ಪರ್ಧೆಗಳಿಗೆ ಇಂಥ ಒಂದೇ ಅಳತೆ ಇಲ್ಲ. ಹತ್ತು ವರ್ಷದೊಳಗಿನವರಿಗೆ 50ರಿಂದ 100 ಮೀಟರ್, ಹನ್ನೊಂದರಿಂದ ಹದಿನಾಲ್ಕು ವರ್ಷದವರಿಗೆ 200 ಮೀಟರ್ ಆಸುಪಾಸಿನ ಈಜು ಇರುವುದು ಸಾಮಾನ್ಯವಾದರೂ, ಸಂಘಟಕರು ತಮಗೆ ಸಿಕ್ಕ ಈಜುಕೊಳದ ಉದ್ದಕ್ಕೆ ತಕ್ಕಂತೆ ಅದನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಆದುದರಿಂದ ಹಣ ಕಟ್ಟುವ ಮೊದಲೇ ದೂರ ಎಷ್ಟು, ಕೊಳದ ಉದ್ದ 25 ಮೀಟರೋ 50 ಮೀಟರೋ, ಅತಿ ಕಡಿಮೆ ಆಳ ಎಷ್ಟು, ಲೈಫ್‌ಗಾರ್ಡ್‌ಗಳು ಎಲ್ಲೆಲ್ಲಿ ನಿಲ್ಲುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ವಿಶ್ವ ಟ್ರಯಥ್ಲಾನ್ ಸಂಸ್ಥೆಯ ನಿಯಮದಂತೆ ಸ್ಪರ್ಧಿಯ ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕಲಾಗುತ್ತದೆ. ನವೆಂಬರ್‌ನಲ್ಲಿ ಹನ್ನೊಂದು ತುಂಬುವ ಮಗು ಜುಲೈ ತಿಂಗಳ ಸ್ಪರ್ಧೆಯಲ್ಲೇ ಮೇಲಿನ ಗುಂಪಿಗೆ ಸೇರಿ, ಅಂದುಕೊಂಡದ್ದರ ಎರಡರಷ್ಟು ದೂರ ಈಜಬೇಕಾಗಿ ಬರಬಹುದು.

ಮೂರು ಭಾಗಗಳಲ್ಲಿ ಈಜಿಗೆ ಹೆಚ್ಚು ಗಮನ ಕೊಡಬೇಕಾದ ಕಾರಣ ಸರಳವಾದದ್ದು. ಸೈಕಲ್ ತುಳಿಯುತ್ತಾ ದಣಿದ ಮಗು ಕಾಲೂರಿ ನಿಲ್ಲಬಹುದು, ಓಡುತ್ತಾ ದಣಿದ ಮಗು ನಡೆಯಬಹುದು. ಆಳದ ನೀರಿನಲ್ಲಿ ದಣಿದ ಮಗುವಿಗೆ ದಣಿವಾರಿಸಿಕೊಳ್ಳುವುದೂ ಪ್ರತ್ಯೇಕವಾಗಿ ಕಲಿತಿರಬೇಕಾದ ವಿದ್ಯೆಯೇ ಆಗಿರುತ್ತದೆ. ಆದರೆ ನಮ್ಮ ಬೇಸಿಗೆ ಶಿಬಿರಗಳು ಕಲಿಸುವುದು ಮುಂದಕ್ಕೆ ಸಾಗುವುದನ್ನು. ನಡುನೀರಿನಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುವುದನ್ನು ಕಲಿಸುವ ಬ್ಯಾಚ್‌ಗಳು ಕಡಿಮೆ. ಈ ಲೇಖನದಲ್ಲಿ ಹೇಳಿರುವ ಕ್ರಮದಲ್ಲಿ ವೇಗದ ಮಾತು ಬಹಳ ತಡವಾಗಿ ಬರುವುದಕ್ಕೆ ಇದೇ ಕಾರಣ.

ಹೆಸರು ನೋಂದಾಯಿಸುವ ಮುನ್ನ ಮಾಡಬೇಕಾದ ಪರೀಕ್ಷೆ

ಶಿಬಿರದ ಕೊನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ನಂಬಿ ಮಗುವನ್ನು ಸ್ಪರ್ಧೆಗೆ ಇಳಿಸಬಾರದು. ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ನೀರಿನಲ್ಲಿ ಸಮರ್ಥರೆನಿಸಿಕೊಳ್ಳಲು ಬೇಕಾದ ಐದು ಕೌಶಲಗಳನ್ನು ಪಟ್ಟಿ ಮಾಡಿದೆ, ಮತ್ತು ಅವನ್ನು ಯಾವ ಪೋಷಕರಾದರೂ ಕೋಚ್‌ನ ಸಮ್ಮುಖದಲ್ಲಿ ಒಂದೇ ಬೆಳಿಗ್ಗೆ ಪರೀಕ್ಷಿಸಿ ನೋಡಬಹುದು. ತಲೆ ಮುಳುಗುವಷ್ಟು ಆಳದ ನೀರಿಗೆ ಹಾರಿ ಮೇಲೆ ಬರುವುದು, ಒಂದು ನಿಮಿಷ ತೇಲುವುದು ಅಥವಾ ಇದ್ದಲ್ಲೇ ಕಾಲಾಡಿಸುತ್ತಾ ನಿಲ್ಲುವುದು, ಸುತ್ತ ತಿರುಗಿ ಹೊರಬರುವ ದಾರಿಯನ್ನು ಗುರುತಿಸುವುದು, ಸುಮಾರು 25 ಮೀಟರ್ ಈಜಿ ಆ ದಾರಿಯನ್ನು ತಲುಪುವುದು, ಕೊನೆಗೆ ಏಣಿಯ ಸಹಾಯವಿಲ್ಲದೆ ದಂಡೆ ಹತ್ತುವುದು. ಈ ಐದನ್ನೂ ಬಿಡಿಬಿಡಿಯಾಗಿ ಅಲ್ಲದೆ ಸಾಲಾಗಿ, ಅದೂ ಗಾಗಲ್ಸ್ ಇಲ್ಲದೆ ಮಾಡಿಸಬೇಕು. ಸ್ಪರ್ಧೆಯ ಮೊದಲ ಹತ್ತು ಸೆಕೆಂಡಿನಲ್ಲೇ ಪಕ್ಕದವನ ಕೈ ತಗುಲಿ ಗಾಗಲ್ಸ್ ಕಳಚಿಹೋಗುವುದು ಅಪರೂಪದ ಸಂಗತಿಯಲ್ಲ.

ಇಲ್ಲೊಂದು ಮಾತನ್ನು ಬೆಂಗಳೂರಿನ ಪೋಷಕರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಗರದ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿರುವ ಕೊಳಗಳಲ್ಲಿ ಬಹುಪಾಲು ನಾಲ್ಕು ನಾಲ್ಕೂವರೆ ಅಡಿ ಆಳದವು, ಉದ್ದವೂ ಹದಿನೈದು ಇಪ್ಪತ್ತು ಮೀಟರ್ ದಾಟುವುದು ಕಡಿಮೆ. ಅಂಥ ಕೊಳದಲ್ಲಿ ಕಲಿತ ಮಗು ಪ್ರತಿ ಸುತ್ತಿನ ಕೊನೆಗೆ, ಕೆಲವೊಮ್ಮೆ ನಡುವೆಯೂ, ಹೆಬ್ಬೆರಳನ್ನು ನೆಲಕ್ಕೆ ತಾಗಿಸಿ ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿರುತ್ತದೆ. ದಂಡೆಯ ಮೇಲೆ ಫೋನ್ ಹಿಡಿದು ಕುಳಿತವರಿಗೆ ಅದು ಕಾಣುವುದಿಲ್ಲ. "ಹತ್ತು ಲ್ಯಾಪ್ ಹೊಡೀತಾನೆ" ಎಂಬ ಲೆಕ್ಕದಲ್ಲಿ ನಿಜವಾದ ಈಜು ಎಷ್ಟೆಂದು ತಿಳಿಯಬೇಕಾದರೆ ಮಗುವನ್ನು ಕಾಲು ನೆಲಕ್ಕೆ ಸಿಗದ ಕೊಳಕ್ಕೇ ಕರೆದೊಯ್ಯಬೇಕು. ಬಸವನಗುಡಿಯ ಈಜು ಕೇಂದ್ರ, ಹಲಸೂರು ಕೆರೆಯ ಪಕ್ಕದ ಕೆನ್ಸಿಂಗ್ಟನ್ ಈಜುಕೊಳ, ನಗರದ ಉತ್ತರದಂಚಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರ ಇವೆಲ್ಲ ಈಜುವವರ ನಡುವೆ ಪರಿಚಿತ ಹೆಸರುಗಳು. ಆದರೂ ಹೆಸರಿಗಿಂತ ಮನೆಯಿಂದ ಎಷ್ಟು ದೂರ ಎಂಬುದನ್ನು ಮೊದಲು ನೋಡುವುದು ಲೇಸು. ವಾರಕ್ಕೆ ಮೂರು ದಿನ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಮುಕ್ಕಾಲು ಗಂಟೆ ಕುಳಿತು ಬಂದ ಮಗು ನೀರಿಗಿಳಿಯುವ ಮೊದಲೇ ಅರ್ಧ ದಣಿದಿರುತ್ತದೆ, ಮತ್ತು ಎರಡನೆಯ ತಿಂಗಳಿಗೆ ಆ ಅಭ್ಯಾಸ ತಾನಾಗಿ ನಿಂತುಹೋಗುತ್ತದೆ. ದಿನನಿತ್ಯಕ್ಕೆ ಹತ್ತಿರದ ಕೊಳ, ಹದಿನೈದು ದಿನಕ್ಕೊಮ್ಮೆ ಆಳದ 50 ಮೀಟರ್ ಕೊಳ ಎಂದು ಹಂಚಿಕೊಂಡರೆ ನಿಭಾಯಿಸುವುದು ಸುಲಭ.

ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ ಅಥವಾ ಕಿವಿಯ ಶಸ್ತ್ರಚಿಕಿತ್ಸೆಯ ಹಿನ್ನೆಲೆ ಇರುವ ಮಕ್ಕಳು ವೈದ್ಯರನ್ನು ಕಂಡ ನಂತರವೇ ತರಬೇತಿ ಆರಂಭಿಸಬೇಕು. ಉಬ್ಬಸವಿದ್ದರೆ ಇನ್‌ಹೇಲರ್ ಲಾಕರ್‌ನಲ್ಲಿರದೆ ದಂಡೆಯ ಮೇಲೆ ಕೋಚ್‌ನ ಕೈಗೆ ಸಿಗುವಂತಿರಬೇಕು.

ಮೊದಲ ಮೂರು ವಾರ: ಉಸಿರು, ತೇಲುವಿಕೆ, ನಿಲ್ಲುವಿಕೆ

ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗುವಿಗೆ ಹತ್ತು ವಾರಗಳ ತಯಾರಿ ಸಾಕಾಗುತ್ತದೆ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ತೇರ್ಗಡೆಯಾಗದಿದ್ದರೆ ಹತ್ತು ವಾರದ ಎಣಿಕೆಯನ್ನೇ ಆರಂಭಿಸಬಾರದು.

ಮಕ್ಕಳ ಈಜು ಕೆಡುವುದು ಬಹುತೇಕ ಉಸಿರಿನಲ್ಲಿ. ಮುಖ ನೀರಿನೊಳಗಿದ್ದಾಗ ಉಸಿರು ಬಿಗಿಹಿಡಿದು, ಮುಖ ಹೊರಬಂದ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋದಾಗ ಹಳೆಯ ಗಾಳಿ ಪೂರ್ತಿ ಹೊರಹೋಗುವುದಿಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಉಸಿರು ಕಟ್ಟುತ್ತಿದೆ ಎಂಬ ಗಾಬರಿ ಹುಟ್ಟುತ್ತದೆ. ಗಾಳಿ ಸಾಲದೆ ಅಲ್ಲ, ಒಳಗಿನದು ಹೊರಹೋಗದೆ ಹುಟ್ಟುವ ಗಾಬರಿ ಇದು. ಆದ್ದರಿಂದ ಮೊದಲ ವಾರದ ಪಾಠವೆಲ್ಲ ಮುಖ ಮುಳುಗಿದೊಡನೆ ಮೂಗು ಬಾಯಿಗಳಿಂದ ನಿಧಾನವಾಗಿ, ಎಡೆಬಿಡದೆ ಗುಳ್ಳೆ ಬಿಡುವುದರ ಸುತ್ತಲೇ ಇರಲಿ. ದಂಡೆ ಹಿಡಿದು ಮುಳುಗಿ, ಗುಳ್ಳೆ ಬಿಟ್ಟು, ಎದ್ದು, ಉಸಿರೆಳೆದು ಮತ್ತೆ ಮುಳುಗುವುದನ್ನು ಒಂದೇ ಲಯದಲ್ಲಿ ಇಪ್ಪತ್ತು ಬಾರಿ ಮಾಡಬಲ್ಲ ಮಗುವಿಗೆ ಫ್ರೀಸ್ಟೈಲ್‌ನ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಇದರೊಂದಿಗೇ ಒಂದು ನಿಷೇಧವನ್ನೂ ಹೇಳಬೇಕು. ಯಾರು ಹೆಚ್ಚು ಹೊತ್ತು ಉಸಿರು ಹಿಡಿದು ಮುಳುಗಿರುತ್ತಾರೆ ಎಂಬ ಪಂದ್ಯ ಮಕ್ಕಳಿಗೆ ಬಲು ಪ್ರಿಯ, ಮತ್ತು ಅದು ಅಪಾಯಕಾರಿ. ಮುಳುಗುವ ಮೊದಲು ಜೋರಾಗಿ ಪದೇಪದೇ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರಾಡಬೇಕೆಂಬ ಒತ್ತಡವೇ ಬಾರದೆ, ಆಮ್ಲಜನಕ ಕಡಿಮೆಯಾಗಿ ಮಗು ನೀರಿನೊಳಗೇ ಸದ್ದಿಲ್ಲದೆ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜಬಲ್ಲವರಿಗೂ ಎದೆಮಟ್ಟದ ನೀರಿನಲ್ಲೂ ಹೀಗಾಗುತ್ತದೆ. ಈ ಆಟವನ್ನು ಕೋಚ್ ಆಡಿಸಿದರೂ ಪೋಷಕರು ಎದ್ದುನಿಂತು ಬೇಡವೆನ್ನಬೇಕು.

ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ ವಿಶ್ರಾಂತಿಯ ಮೂರು ಬಗೆಗಳನ್ನು ಕಲಿಸಬೇಕು: ಅಂಗಾತ ತೇಲುವುದು, ಲಂಬವಾಗಿ ನಿಂತು ಕೈಕಾಲಾಡಿಸುವುದು, ಮತ್ತು ಫ್ರೀಸ್ಟೈಲ್‌ನಿಂದ ಹೊರಳಿ ನಿಧಾನವಾದ ಬ್ಯಾಕ್‌ಸ್ಟ್ರೋಕ್‌ಗೆ ಬದಲಾಗುವುದು. ಕೊನೆಯದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ, ಏಕೆಂದರೆ ಅದರಲ್ಲಿ ಮುಖ ಗಾಳಿಯಲ್ಲಿದ್ದು ಮುಂದಕ್ಕೆ ಸಾಗುವುದೂ ನಡೆಯುತ್ತಿರುತ್ತದೆ. ಟ್ರಯಥ್ಲಾನ್‌ನ ನಿಯಮ ಇದಕ್ಕೆ ಪೂರ್ಣ ಅವಕಾಶ ಕೊಡುತ್ತದೆ ಎಂಬುದು ಅನೇಕ ಪೋಷಕರಿಗೆ ತಿಳಿದಿಲ್ಲ. ಸ್ಪರ್ಧಿ ಯಾವ ಶೈಲಿಯಲ್ಲಾದರೂ ಈಜಬಹುದು, ತೇಲಬಹುದು, ತೆರೆದ ನೀರಿನಲ್ಲಾದರೆ ದಾರಿ ತೋರಿಸಲು ತೇಲಿಬಿಟ್ಟ ಬೋಯಾವನ್ನೋ ನಿಂತಿರುವ ದೋಣಿಯನ್ನೋ ಹಿಡಿದು ದಣಿವಾರಿಸಿಕೊಳ್ಳಬಹುದು. ಅದನ್ನು ಬಳಸಿ ಮುಂದಕ್ಕೆ ಚಿಮ್ಮಬಾರದು ಅಷ್ಟೇ. ತೊಂದರೆಯಲ್ಲಿರುವವರು ಒಂದು ಕೈಯನ್ನು ತಲೆಯ ಮೇಲೆತ್ತಿ ಸಹಾಯಕ್ಕೆ ಕೂಗಬೇಕು. ಈ ಕೈ ಎತ್ತುವ ಸನ್ನೆಯನ್ನು ಮಗು ನೀರಿನಲ್ಲಿ ನಿಜವಾಗಿ ಮಾಡಿ ನೋಡಿರಬೇಕು. ಕೈ ಎತ್ತಿದೊಡನೆ ದೇಹ ಸ್ವಲ್ಪ ಮುಳುಗುತ್ತದೆ, ಆಗ ಕಾಲನ್ನು ಬಲವಾಗಿ ಆಡಿಸಬೇಕೆಂಬುದು ಮಾಡಿದವರಿಗಷ್ಟೇ ಗೊತ್ತಾಗುತ್ತದೆ. ಮುಳುಗುತ್ತಿರುವ ಮಗು ಸಿನಿಮಾಗಳಲ್ಲಿ ತೋರಿಸುವಂತೆ ಕೂಗಾಡುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿರುವುದರಿಂದ ಅದಕ್ಕೆ ಧ್ವನಿಯೇ ಬರುವುದಿಲ್ಲ. ಸನ್ನೆ ಮಾಡಬೇಕಾದದ್ದು ಆ ಸ್ಥಿತಿಗೆ ಬಹಳ ಮೊದಲು, ಇನ್ನೂ ಶಕ್ತಿಯಿರುವಾಗ, ಎಂದು ಮಗುವಿಗೆ ಮನದಟ್ಟಾಗಬೇಕು.

ನೀರಿನ ಭಯವಿರುವ ಮಕ್ಕಳನ್ನು ಎತ್ತಿ ನೀರಿಗೆ ಹಾಕುವ ಹಳೆಯ ಪದ್ಧತಿ ಹಳ್ಳಿಯ ಬಾವಿಗಳಿಂದ ನಗರದ ಕೊಳಗಳಿಗೂ ಬಂದಿದೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಗೆ ಬಿದ್ದು ಕಲಿತ ತಲೆಮಾರಿನವರು ಅದನ್ನು ಹೆಮ್ಮೆಯಿಂದ ನೆನೆಯುತ್ತಾರಾದರೂ, ಹಾಗೆ ಕಲಿಯಲಾಗದೆ ನೀರಿನಿಂದ ಶಾಶ್ವತವಾಗಿ ದೂರವಾದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಐದನೆಯ ವಯಸ್ಸಿನಲ್ಲಿ ಮುಳುಗುವ ಅಪಾಯದಿಂದ ಪಾರಾಗಿ, ಕೆಲವು ವರ್ಷಗಳ ನಂತರ ತಂದೆಯ ಒತ್ತಾಸೆಯಿಂದ ಈಜು ಕಲಿತವರು. ಭಯ ಹೋಗಲು ಬೇಕಾದಷ್ಟು ಕಾಲವನ್ನು ಕೊಟ್ಟರೆ ಅದು ಹೋಗುತ್ತದೆ. ಸ್ಪರ್ಧೆಯ ದಿನಾಂಕಕ್ಕೆ ಹೊಂದಿಸಿ ಅದನ್ನು ಓಡಿಸಲಾಗದು.

ನಾಲ್ಕರಿಂದ ಏಳನೆಯ ವಾರ: ಶೈಲಿ ಮತ್ತು ದೂರ

ತಲೆ ಎಲ್ಲಿರುತ್ತದೋ ಕಾಲು ಅದಕ್ಕೆ ತಕ್ಕಂತೆ ಇರುತ್ತದೆ. ಮುಂದಿನ ದಂಡೆಯನ್ನು ನೋಡುತ್ತಾ ಈಜುವ ಮಗುವಿನ ಸೊಂಟ ಮತ್ತು ಕಾಲುಗಳು ಕೆಳಗಿಳಿದು, ಅದು ಇಡೀ ದೂರವನ್ನು ಏರು ಹತ್ತುವಂತೆ ಸಾಗಬೇಕಾಗುತ್ತದೆ. ದೃಷ್ಟಿ ಕೊಳದ ತಳದ ಕಪ್ಪು ಗೆರೆಯ ಮೇಲಿರಲಿ, ಉಸಿರಿಗಾಗಿ ತಲೆಯನ್ನು ಎತ್ತದೆ ಪಕ್ಕಕ್ಕೆ ಹೊರಳಿಸಲಿ, ಆಗ ಒಂದು ಕಣ್ಣು ನೀರಿನೊಳಗೇ ಉಳಿದಿರಬೇಕು. ಕಾಲಿನ ಕಿಕ್ ಮೊಣಕಾಲಿನಿಂದಲ್ಲ, ಸೊಂಟದಿಂದ ಹುಟ್ಟಬೇಕು. ಕಿಕ್‌ಬೋರ್ಡ್ ಹಿಡಿಸಿ ಅರ್ಧ ಗಂಟೆ ಕಾಲು ಬಡಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಟ್ರಯಥ್ಲಾನ್‌ಗೆ ಅದರ ಉಪಯೋಗ ಕಡಿಮೆ. ನೀರಿನಿಂದ ಎದ್ದೊಡನೆ ಅದೇ ಕಾಲುಗಳು ಪೆಡಲ್ ತುಳಿಯಬೇಕಾಗಿರುವುದರಿಂದ, ದೇಹವನ್ನು ನೇರವಾಗಿಡಲು ಬೇಕಾದಷ್ಟು ಹಗುರವಾದ ಕಿಕ್ ಸಾಕು, ಎಳೆಯುವ ಕೆಲಸವನ್ನು ಕೈಗಳು ಮಾಡಲಿ.

ಎಡಕ್ಕೂ ಬಲಕ್ಕೂ ಉಸಿರಾಡಲು ಕಲಿಸುವುದು ಅಂದಕ್ಕಾಗಿ ಅಲ್ಲ. ಒಂದು ಬದಿಯಲ್ಲಿ ಪಕ್ಕದವನು ನೀರೆರಚುತ್ತಿದ್ದರೆ, ಅಥವಾ ಬೆಳಗಿನ ಬಿಸಿಲು ಕಣ್ಣಿಗೆ ನೇರವಾಗಿ ಬಡಿಯುತ್ತಿದ್ದರೆ, ಇನ್ನೊಂದು ಬದಿಗೆ ಹೊರಳುವ ಆಯ್ಕೆ ಮಗುವಿಗಿರಬೇಕು.

ದೂರವನ್ನು ಬೆಳೆಸುವಾಗ ಒಂದೇ ಉಸುರಿಗೆ ಉದ್ದಕ್ಕೆ ಈಜಿಸುವುದಕ್ಕಿಂತ ತುಂಡು ಮಾಡಿ ಈಜಿಸುವುದು ಮೇಲು. ಗುರಿ 100 ಮೀಟರ್ ಎಂದಿಟ್ಟುಕೊಂಡರೆ, ನಾಲ್ಕನೆಯ ವಾರದಲ್ಲಿ 25 ಮೀಟರಿನ ಆರು ಸುತ್ತುಗಳು, ಪ್ರತಿ ಸುತ್ತಿನ ನಡುವೆ ಅರ್ಧ ನಿಮಿಷ ವಿಶ್ರಾಂತಿ. ಐದನೆಯ ವಾರದಲ್ಲಿ ಅದೇ ಸುತ್ತುಗಳು ಎಂಟಾಗಿ ವಿಶ್ರಾಂತಿ ಇಪ್ಪತ್ತು ಸೆಕೆಂಡಿಗೆ ಇಳಿಯುವುದು. ಆರನೆಯ ವಾರದಲ್ಲಿ 50 ಮೀಟರಿನ ನಾಲ್ಕು ಸುತ್ತು. ಏಳನೆಯ ವಾರದಲ್ಲಿ 100 ಮೀಟರಿನ ಎರಡು ಸುತ್ತು. ಗುರಿ 200 ಮೀಟರ್ ಆದರೆ ಇವನ್ನೇ ಇಮ್ಮಡಿಸಬಹುದು. ಕೊನೆಯ ಸುತ್ತಿನ ಶೈಲಿ ಮೊದಲ ಸುತ್ತಿನಂತೆಯೇ ಕಾಣುತ್ತಿದೆಯೇ ಎಂಬುದನ್ನು ನೋಡಬೇಕೇ ಹೊರತು ಕೈಗಡಿಯಾರವನ್ನಲ್ಲ. ಶೈಲಿ ಕೆಟ್ಟ ಮೇಲೆ ಈಜಿಸುವ ಪ್ರತಿ ಸುತ್ತೂ ಕೆಟ್ಟ ಶೈಲಿಯನ್ನೇ ಗಟ್ಟಿ ಮಾಡುತ್ತದೆ. ಏಳನೆಯ ವಾರದ ಕೊನೆಗೆ ಸ್ಪರ್ಧೆಯ ದೂರದ ಎರಡರಷ್ಟನ್ನು, ಬೇಕಾದಾಗ ಬ್ಯಾಕ್‌ಸ್ಟ್ರೋಕ್‌ಗೆ ಹೊರಳುತ್ತಾ, ದಂಡೆ ಹಿಡಿಯದೆ ಮುಗಿಸಬಲ್ಲ ಮಗು ಸಿದ್ಧವಾಗಿದೆ ಎನ್ನಬಹುದು.

ಇಷ್ಟರಲ್ಲಿ ಮನೆಯೊಳಗಿನ ಕೆಲವು ಮಾತುಗಳೂ ಏಳುತ್ತವೆ. ಬೆಳಿಗ್ಗೆ ನೀರಿಗಿಳಿದರೆ ಶೀತವಾಗುತ್ತದೆ ಎಂದು ಅಜ್ಜಿ, ಮಗಳು ಬಿಸಿಲಿಗೆ ಕಪ್ಪಾಗುತ್ತಾಳೆ ಎಂದು ನೆಂಟರು. ನೆಗಡಿ ಬರುವುದು ವೈರಾಣುವಿನಿಂದ. ಆದರೂ ಅಜ್ಜಿಯ ಮಾತಿನಲ್ಲಿ ಒಂದಂಶ ನಿಜವಿದೆ: ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ಹೆಚ್ಚಾಗಿರುವುದರಿಂದ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ, ಮತ್ತು ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಬೆಂಗಳೂರಿನ ತೆರೆದ ಕೊಳಗಳ ನೀರು ಸಾಕಷ್ಟು ತಣ್ಣಗಿರುತ್ತದೆ. ತುಟಿ ನೀಲಿಯಾದರೆ, ಹಲ್ಲು ಕಟಕಟಿಸಿದರೆ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಬೇಕು. ಬಿಸಿಲಿನ ವಿಷಯದಲ್ಲಿ ಮೈಬಣ್ಣದ ಚಿಂತೆಯನ್ನು ಪಕ್ಕಕ್ಕಿಟ್ಟು ಚರ್ಮ ಸುಡದಂತೆ ನೋಡಿಕೊಂಡರೆ ಸಾಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರದಲ್ಲಿ ಹವೆ ತಂಪಾಗಿದ್ದರೂ ಬಿಸಿಲು ಚುರುಕಾಗಿರುತ್ತದೆ, ಹಾಗಾಗಿ ತುಂಬುತೋಳಿನ ಈಜುಡುಗೆ ಮತ್ತು ನೀರಿಗೆ ನಿಲ್ಲುವ ಸನ್‌ಸ್ಕ್ರೀನ್ ಉಪಯುಕ್ತ.

ಹದಿಹರೆಯದ ಹುಡುಗಿಯರ ತರಬೇತಿ ಪ್ರತಿ ತಿಂಗಳೂ ಮುಟ್ಟಿನ ದಿನಗಳಲ್ಲಿ ತಪ್ಪುವುದನ್ನು ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಟ್ಯಾಂಪನ್, ಮೆನ್‌ಸ್ಟ್ರುವಲ್ ಕಪ್ ಅಥವಾ ಆ ದಿನಗಳಿಗೆಂದೇ ಹೊಲಿದ ಈಜುಡುಗೆಯನ್ನು ಬಳಸಿ ಈಜುವುದರಿಂದ ಆರೋಗ್ಯಕ್ಕೆ ಯಾವ ತೊಂದರೆಯೂ ಇಲ್ಲ. ನೋವಿದ್ದರೆ ಬಿಡುವುದು, ಇಲ್ಲದಿದ್ದರೆ ಈಜುವುದು ಹುಡುಗಿಯ ಆಯ್ಕೆಯಾಗಿರಲಿ. ಸ್ಪರ್ಧೆಯ ದಿನ ಮುಟ್ಟಿನ ದಿನವೂ ಆಗಿಬಿಡಬಹುದಾದ್ದರಿಂದ ತಾಯಂದಿರು ಈ ಮಾತನ್ನು ತಿಂಗಳುಗಳ ಮೊದಲೇ ಆಡಿರುವುದು ಒಳಿತು.

ಎಂಟು, ಒಂಬತ್ತನೆಯ ವಾರ: ಸ್ಪರ್ಧೆಯ ಗದ್ದಲಕ್ಕೆ ಒಗ್ಗಿಸುವುದು

ಒಂದು ಲೇನ್‌ನಲ್ಲಿ ಒಬ್ಬನೇ ಈಜಿ ಅಭ್ಯಾಸವಾದ ಮಗುವಿಗೆ ಸ್ಪರ್ಧೆ ಬೇರೆಯೇ ಲೋಕ. ಕೊಳದಲ್ಲಿ ನಡೆಯುವ ಮಕ್ಕಳ ಟ್ರಯಥ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಕ್ರಮಗಳಿವೆ. ಒಂದರಲ್ಲಿ ಲೇನ್‌ಗೆ ಇಬ್ಬರು ಮೂವರಂತೆ ಒಟ್ಟಿಗೆ ಹೊರಟು ಬಲಬದಿ ಹಿಡಿದು ಸುತ್ತುತ್ತಾರೆ. ಇನ್ನೊಂದರಲ್ಲಿ ಕೆಲವು ಸೆಕೆಂಡುಗಳ ಅಂತರದಲ್ಲಿ ಒಬ್ಬೊಬ್ಬರಾಗಿ ನೀರಿಗಿಳಿದು, ಒಂದು ಲೇನ್‌ನ ತುದಿಯಲ್ಲಿ ಹಗ್ಗದ ಕೆಳಗೆ ನುಸುಳಿ ಮುಂದಿನ ಲೇನ್‌ಗೆ ದಾಟುತ್ತಾ, ಹಾವಿನಂತೆ ಅಂಕುಡೊಂಕಾಗಿ ಇಡೀ ಕೊಳವನ್ನು ಹಾಯುತ್ತಾರೆ. ಹಗ್ಗದಡಿ ನುಸುಳುವುದು ಚಿಕ್ಕ ಕೆಲಸವೆನಿಸಿದರೂ, ತಿರುವಿನಲ್ಲಿ ಉಸಿರಿನ ಲಯ ತಪ್ಪುವುದು ಅಲ್ಲಿಯೇ. ತಿರುವಿಗೆ ಮೊದಲು ಒಂದು ಉಸಿರು ಪೂರ್ತಿ ತೆಗೆದುಕೊಂಡು ಮುಳುಗುವುದನ್ನು ಹತ್ತಾರು ಬಾರಿ ಮಾಡಿಸಬೇಕು. ಪಲ್ಟಿ ಹೊಡೆದು ತಿರುಗುವ ಫ್ಲಿಪ್ ಟರ್ನ್ ಮಕ್ಕಳಿಗೆ ಅಗತ್ಯವಿಲ್ಲ, ಗೋಡೆ ಮುಟ್ಟಿ ಉಸಿರೆಳೆದು ತಿರುಗುವುದೇ ಕ್ಷೇಮ.

ಮೂರು ನಾಲ್ಕು ಮಕ್ಕಳನ್ನು ಒಂದೇ ಲೇನ್‌ನಲ್ಲಿ ಬಿಟ್ಟು, ಕೋಚ್ ದಂಡೆಯಲ್ಲೇ ನಿಂತಿರುವಾಗ, ಮೈಗೆ ಮೈ ತಾಗುವಂತೆ ಈಜಿಸಿ. ಹಿಂದಿನವರು ಮುಂದಿನವರ ಪಾದವನ್ನು ಮೆಲ್ಲನೆ ಒಮ್ಮೆ ತಟ್ಟಿದರೆ ದಾರಿ ಬಿಡಿ ಎಂದು ಅರ್ಥ; ತಟ್ಟಿಸಿಕೊಂಡವರು ಗೋಡೆಯ ಬಳಿ ಬದಿಗೆ ಸರಿಯಬೇಕು. ಎಳೆಯುವುದು, ಮೇಲೇರುವುದು ನಿಯಮಬಾಹಿರವೆಂದು ಮಕ್ಕಳಿಗೆ ಮೊದಲೇ ತಿಳಿದಿರಲಿ. ನೀರು ಕುಡಿದರೆ, ಗಾಗಲ್ಸ್ ಕಳಚಿದರೆ, ಎದೆ ಡವಗುಟ್ಟಿದರೆ ಮಾಡಬೇಕಾದ್ದು ಒಂದೇ: ಅಂಗಾತ ಹೊರಳಿ, ಐದು ಉಸಿರು ಎಣಿಸಿ, ಮತ್ತೆ ಹೊರಡುವುದು. ಇದನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಈಜುತ್ತಿರುವಾಗ ಕೋಚ್ ಶಿಳ್ಳೆ ಹೊಡೆದೊಡನೆ ಎಲ್ಲರೂ ಹಾಗೆ ಹೊರಳುವ ಆಟವಾಗಿಸಿದರೆ ಅದು ಮೈಗೆ ಹತ್ತುತ್ತದೆ.

ಮುಂದೆ ಹಿನ್ನೀರಿನಲ್ಲೋ ಸಮುದ್ರದಲ್ಲೋ ಸ್ಪರ್ಧಿಸುವ ಯೋಚನೆಯಿದ್ದರೆ ದಿಕ್ಕು ನೋಡಿಕೊಳ್ಳುವುದನ್ನೂ ಈಗಲೇ ಕಲಿಸಬಹುದು. ಕಣ್ಣುಗಳಷ್ಟೇ ನೀರಿನ ಮೇಲೆ ಬರುವಂತೆ ಮುಖವನ್ನು ತುಸು ಎತ್ತಿ ಗುರುತನ್ನು ನೋಡಿ, ತಕ್ಷಣ ಪಕ್ಕಕ್ಕೆ ಹೊರಳಿ ಉಸಿರೆಳೆಯುವುದು ಅದರ ಕ್ರಮ. ಮಕ್ಕಳಿಗೆ ಮೊಸಳೆಯ ಕಣ್ಣು ಎಂದರೆ ಬೇಗ ಹಿಡಿಯುತ್ತಾರೆ. ಇದನ್ನೆಲ್ಲ ಕೊಳದಲ್ಲೇ ಕಲಿಸಿ. ಬೆಂಗಳೂರಿನ ಕೆರೆಗಳು ಹೆಸರಿಗೆ ನೂರಾರು ಇದ್ದರೂ ಮಗುವನ್ನು ಇಳಿಸಬಹುದಾದ ಕೆರೆ ಒಂದೂ ಇಲ್ಲ. ಬೆಳ್ಳಂದೂರಿನ ನೊರೆಯನ್ನು ಕಂಡ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಗರದ ಹೊರವಲಯದ ಕಲ್ಲುಕ್ವಾರಿಗಳ ತಿಳಿನೀರು ಇನ್ನೂ ಹೆಚ್ಚು ವಂಚಕವಾದದ್ದು: ದಂಡೆಯಿಂದ ಒಂದು ಹೆಜ್ಜೆಗೆ ಆಳ ಹತ್ತಾರು ಅಡಿಗೆ ಇಳಿಯುತ್ತದೆ, ನುಣುಪಾದ ಬಂಡೆಯಲ್ಲಿ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಕರಾವಳಿಯ ಸ್ಪರ್ಧೆಗೆ ಹೋಗುವುದಾದರೆ ಒಂದೆರಡು ದಿನ ಮೊದಲೇ ಹೋಗಿ, ಲೈಫ್‌ಗಾರ್ಡ್ ಇರುವ ಕಡೆ, ಎದ್ದು ಕಾಣುವ ಬಣ್ಣದ ಕ್ಯಾಪ್ ಹಾಕಿಸಿ, ತರಬೇತುದಾರರ ಜೊತೆಯಲ್ಲೇ ಮಗುವನ್ನು ನೀರಿಗಿಳಿಸಬೇಕು.

ನೀರಿನಿಂದ ಸೈಕಲ್‌ವರೆಗಿನ ಹಾದಿಯೂ ಈಜಿನ ಭಾಗವೇ. ಅಂಗೈಗಳನ್ನು ದಂಡೆಯ ಮೇಲೂರಿ, ಕಾಲಿನಿಂದ ಬಲವಾಗಿ ಒದ್ದು, ಒಂದೇ ಹಿಡಿತಕ್ಕೆ ಮೇಲೆ ಬರುವುದನ್ನು ಪ್ರತಿದಿನದ ಅಭ್ಯಾಸದ ಕೊನೆಗೆ ಎರಡು ಬಾರಿ ಮಾಡಿಸಿ. ಮಲಗಿದ್ದ ದೇಹ ಥಟ್ಟನೆ ಎದ್ದು ನಿಂತಾಗ ಕೆಲವು ಮಕ್ಕಳಿಗೆ ತಲೆ ಹಗುರವಾದಂತಾಗುತ್ತದೆ, ಅದಕ್ಕಾಗಿ ಕೊನೆಯ ಹತ್ತು ಮೀಟರ್‌ನಲ್ಲಿ ಕಾಲನ್ನು ತುಸು ಹೆಚ್ಚು ಆಡಿಸಿ ರಕ್ತ ಹರಿಯುವಂತೆ ಮಾಡುವುದು ಒಳ್ಳೆಯದು. ಒದ್ದೆ ದಂಡೆಯ ಮೇಲೆ ಓಡಬಾರದು, ನಡೆಯಬೇಕು. ಸೈಕಲ್ ಮುಟ್ಟುವ ಮೊದಲು ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿರಬೇಕೆಂಬ ನಿಯಮವನ್ನು ಒದ್ದೆ ಬೆರಳುಗಳಿಂದಲೇ ಅಭ್ಯಾಸ ಮಾಡಿಸಿ. ಒಣ ಕೈಯಲ್ಲಿ ಎರಡು ಸೆಕೆಂಡಿಗೆ ಬೀಳುವ ಆ ಕ್ಲಿಪ್ ನಡುಗುವ ಒದ್ದೆ ಕೈಯಲ್ಲಿ ಬೀಳುವುದೇ ಇಲ್ಲ.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹಣ ಇಲ್ಲಿ ಸುಲಭವಾಗಿ ಪೋಲಾಗುತ್ತದೆ. ಗಾಗಲ್ಸ್ ಕೊಳ್ಳುವಾಗ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿದರೆ ಒಂದೆರಡು ಕ್ಷಣ ತಾನೇ ಅಂಟಿ ನಿಲ್ಲಬೇಕು. ಒಳಮೈಯನ್ನು ಬೆರಳಿನಿಂದ ಉಜ್ಜಬಾರದು. ಮೂರೂ ಭಾಗಕ್ಕೆ ಒಂದೇ ಆಗುವ ಟ್ರೈಸೂಟ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಮೈಗಂಟುವ ಈಜುಡುಗೆಯ ಮೇಲೆ ಟೀಶರ್ಟ್ ತೊಟ್ಟು ಹೊರಟರೂ ಆಯಿತು. ಬೆಂಗಳೂರಿನ ಕೊಳದ ಸ್ಪರ್ಧೆಗೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಉಡುಪಾದ ವೆಟ್‌ಸೂಟ್ ಬೇಕಿಲ್ಲ. ಏನೇ ಆದರೂ ಸ್ಪರ್ಧೆಯ ದಿನ ಹೊಸದೊಂದನ್ನೂ ತೊಡಿಸಬಾರದು.

ಏಪ್ರಿಲ್, ಮೇ ತಿಂಗಳ ಸಂಜೆಯ ಬ್ಯಾಚ್‌ಗಳಿಗೆ ಹೋಗುವವರು ಗುಡುಗಿನ ವಿಷಯದಲ್ಲಿ ಯಾವ ರಾಜಿಯನ್ನೂ ಮಾಡಿಕೊಳ್ಳಬಾರದು. ಮುಂಗಾರಿಗೆ ಮೊದಲಿನ ಮಳೆ ಈ ಊರಿನಲ್ಲಿ ಮಧ್ಯಾಹ್ನದ ನಂತರವೇ ಸಿಡಿಲಿನೊಂದಿಗೆ ಬರುವುದು ಹೆಚ್ಚು. ಮೊದಲ ಗುಡುಗು ಕೇಳಿದೊಡನೆ ನೀರಿನಿಂದ ಎದ್ದು ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಇಳಿಯಬಾರದು, ಬ್ಯಾಚ್‌ನ ಸಮಯ ಹಾಳಾದರೂ ಸರಿ.

ಕೊನೆಯ ವಾರ ಮತ್ತು ಸ್ಪರ್ಧೆಯ ಬೆಳಿಗ್ಗೆ

ಹತ್ತನೆಯ ವಾರದಲ್ಲಿ ಅಭ್ಯಾಸ ಅರ್ಧಕ್ಕಿಳಿಯಲಿ. ಸಾಧ್ಯವಾದರೆ ಒಂದು ದಿನ ಸ್ಪರ್ಧೆ ನಡೆಯುವ ಕೊಳದಲ್ಲೇ ಈಜಿಸಿ, ಯಾವ ತುದಿಯಲ್ಲಿ ಇಳಿಯುವುದು, ಎಲ್ಲಿ ಹತ್ತುವುದು, ಸೈಕಲ್ ಎಲ್ಲಿರುತ್ತದೆ ಎಂಬುದನ್ನು ಮಗುವಿನೊಂದಿಗೆ ನಡೆದು ನೋಡಿ. ಕಿವಿಯ ಆರೈಕೆ ಈ ವಾರ ವಿಶೇಷವಾಗಿ ಬೇಕು. ಪ್ರತಿದಿನ ಈಜಿದ ಮೇಲೆ ತಲೆಯನ್ನು ಒಂದೊಂದೇ ಬದಿಗೆ ವಾಲಿಸಿ ನೀರು ಇಳಿಸಿ, ಹೊರಕಿವಿಯನ್ನು ಟವಲ್‌ನಿಂದ ಒರೆಸಿ. ಬಡ್ಸ್ ಹಾಕಬೇಡಿ, ವೈದ್ಯರು ಹೇಳದೆ ಎಣ್ಣೆಯನ್ನೂ ಬಿಡಬೇಡಿ. ಕಿವಿಯ ಹಾಲೆ ಎಳೆದರೆ ನೋವೆನಿಸಿದರೆ ಕಿವಿಯ ನಾಳದ ಸೋಂಕಿರಬಹುದು, ಆಗ ವೈದ್ಯರನ್ನು ಕಾಣಬೇಕು.

ಸ್ಪರ್ಧೆಯ ಬೆಳಿಗ್ಗೆ ಎರಡು ಗಂಟೆ ಮೊದಲು ಹಗುರವಾದ, ಮನೆಯಲ್ಲಿ ರೂಢಿಯಿರುವ ತಿಂಡಿ ಸಾಕು: ಎರಡು ಇಡ್ಲಿ, ಒಂದು ಬಾಳೆಹಣ್ಣು, ಅಥವಾ ಸ್ವಲ್ಪ ಅವಲಕ್ಕಿ. ಬೆಣ್ಣೆ ಮಸಾಲೆ ದೋಸೆಯನ್ನು ಸ್ಪರ್ಧೆ ಮುಗಿದ ಮೇಲಿನ ಬಹುಮಾನವಾಗಿ ಇಟ್ಟುಕೊಳ್ಳಬಹುದು. ಆರಂಭಕ್ಕೆ ಮೊದಲು ನೀರಿಗಿಳಿಯಲು ಬಿಟ್ಟರೆ ಮಗು ಐದು ನಿಮಿಷ ಈಜಿ ಗುಳ್ಳೆ ಬಿಡಲಿ. ತಣ್ಣೀರಿಗೆ ಇಳಿದೊಡನೆ ಉಸಿರು ಮೇಲಿಂದ ಮೇಲೆ ಬರುವುದು ಸಹಜ, ಒಂದೆರಡು ನಿಮಿಷದಲ್ಲಿ ಅದು ತಾನೇ ಹದಕ್ಕೆ ಬರುತ್ತದೆ. ಈಜಿನಲ್ಲಿ ಆತ್ಮವಿಶ್ವಾಸ ಕಡಿಮೆಯಿರುವ ಮಗು ಗುಂಪಿನ ಹಿಂದೆ, ಅಂಚಿನಲ್ಲಿ ನಿಲ್ಲಲಿ. ಮೊದಲ 25 ಮೀಟರ್‌ ಅಭ್ಯಾಸದ ವೇಗಕ್ಕಿಂತಲೂ ನಿಧಾನವಾಗಿರಲಿ, ಏಕೆಂದರೆ ಕಹಳೆ ಕೇಳಿದೊಡನೆ ಪ್ರತಿ ಮಗುವೂ ತನಗರಿವಿಲ್ಲದೆ ಶಕ್ತಿಮೀರಿ ಹೊರಡುತ್ತದೆ, ಮತ್ತು ಗಾಬರಿಯಾಗುವುದು ಬಹುತೇಕ ಅಲ್ಲಿಂದ ಮುಂದಿನ ಸುತ್ತಿನಲ್ಲಿ. ದಂಡೆಯುದ್ದಕ್ಕೂ ಓಡುತ್ತಾ "ಬೇಗ, ಬೇಗ" ಎಂದು ಕೂಗುವ ತಂದೆತಾಯಿಗಳು ಮಾಡುವ ಕೆಡುಕು ಸಣ್ಣದಲ್ಲ. ನೀರಿನೊಳಗಿನ ಮಗುವಿಗೆ ಮಾತು ಕೇಳಿಸದು, ಗಾಬರಿಯಾದ ಮುಖ ಮಾತ್ರ ಕಾಣಿಸುತ್ತದೆ. ಲೈಫ್‌ಗಾರ್ಡ್ ಇದ್ದಾರೆಂದು ಪೋಷಕರು ಕಣ್ಣು ತೆಗೆಯುವುದೂ ಸಲ್ಲದು. ಒಬ್ಬರಾದರೂ ಫೋನ್ ಜೇಬಿಗಿಟ್ಟು ಮಗುವಿನ ಕ್ಯಾಪಿನ ಮೇಲೆ ದೃಷ್ಟಿಯಿಟ್ಟಿರಬೇಕು, ಚಿತ್ರೀಕರಣದ ಕೆಲಸ ಇನ್ನೊಬ್ಬರಿಗಿರಲಿ.

ಇಷ್ಟಾದರೂ ಸ್ಪರ್ಧೆಗೆ ಒಂದು ವಾರವಿರುವಾಗ ಮಗು ಆಳದ ನೀರಿನಲ್ಲಿ ಒಂದು ನಿಮಿಷ ತೇಲಲು ತಡಬಡಿಸುತ್ತಿದ್ದರೆ ಆ ಬಾರಿ ಈಜನ್ನು ಬಿಡುವುದೇ ಸರಿ. ಓಟ, ಸೈಕಲ್, ಮತ್ತೆ ಓಟ ಎಂಬ ಕ್ರಮದ ಡುಅಥ್ಲಾನ್ ವಿಭಾಗ ಅದೇ ಕೂಟದಲ್ಲಿದ್ದರೆ ಹೆಸರನ್ನು ಅಲ್ಲಿಗೆ ಬದಲಿಸಲು ಸಂಘಟಕರಿಗೆ ಬರೆಯಿರಿ. ಕೊನೆಯ ದಿನಾಂಕದೊಳಗೆ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮಾರನೆಯ ವಾರದಿಂದ ಈಜುಕೊಳದ ಬ್ಯಾಚ್ ಅನ್ನು ಮುಂದುವರಿಸಿ, ಮೊದಲ ಮೂರು ವಾರದ ಪಾಠಗಳಿಂದಲೇ ಮತ್ತೆ ಆರಂಭಿಸಿ.